ಯಾರ ಜುಟ್ಟು ಯಾರ ಕೈಯಲ್ಲಿ: ಜಾಗತಿಕ ರಾಜಕೀಯದ ಸುದ್ದಿಯನ್ನು ಬಿಡಿಸಿ ಓದುವ ಬಗೆ

ಅಂತರರಾಷ್ಟ್ರೀಯ ಸುದ್ದಿ ಕೈಗೆ ಬಂದ ಕೂಡಲೇ ಹೆಚ್ಚಿನವರು ದೇಶದ ಗಾತ್ರ ಅಳೆಯಲು ಹೊರಡುತ್ತಾರೆ. ಸೈನ್ಯ ಎಷ್ಟು, ಜಿಡಿಪಿ ಎಷ್ಟು, ಅಣ್ವಸ್ತ್ರ ಇದೆಯೋ ಇಲ್ಲವೋ? ಇಷ್ಟನ್ನೇ ನಂಬಿಕೊಂಡರೆ ಅರ್ಧಕ್ಕರ್ಧ ಸುದ್ದಿ ಅರ್ಥವೇ ಆಗುವುದಿಲ್ಲ. ಹೇಳಿಕೊಳ್ಳುವಂಥ ನೌಕಾಪಡೆ ಇಲ್ಲದ ಯೆಮನ್‌ನ ಹೂತಿ ಬಂಡುಕೋರರು 2023ರ ನವೆಂಬರ್‌ನಿಂದ ಕೆಂಪು ಸಮುದ್ರದ ಹಡಗುಗಳನ್ನು ಆಫ್ರಿಕಾ ಸುತ್ತಿ ಹೋಗುವಂತೆ ಮಾಡಿದ್ದು ಹೇಗೆ? ಎರಡು ಕೋಟಿ ಜನರೂ ಇಲ್ಲದ ನೆದರ್ಲೆಂಡ್ಸ್, ಒಂದು ಯಂತ್ರಕ್ಕೆ ರಫ್ತು ಪರವಾನಗಿ ಕೊಡದೆ ಚೀನಾದ ಚಿಪ್ ಉದ್ಯಮದ ಓಟ ತಗ್ಗಿಸಿದ್ದು ಹೇಗೆ?

ಎಲ್ಲರೂ ಹಾದುಹೋಗಲೇಬೇಕಾದ ಇಕ್ಕಟ್ಟಿನ ಜಾಗಗಳು ಜಗತ್ತಿನಲ್ಲಿ ಕೆಲವಿವೆ. ಬಲ ಇರುವುದು ಅಲ್ಲಿ. ಅದರ ಕೀಲಿ ಯಾರ ಬಳಿ ಇದೆ, ಉಳಿದವರಿಗೆ ಬೇರೆ ದಾರಿ ಮಾಡಿಕೊಳ್ಳಲು ಎಷ್ಟು ಕಾಲ ಹಿಡಿಯುತ್ತದೆ ಎಂಬ ಎರಡು ಪ್ರಶ್ನೆ ಬಿಡಿಸಿಕೊಂಡರೆ ಸುದ್ದಿಯ ಗಂಟು ಸಡಿಲವಾಗುತ್ತದೆ. ಜಾಗತೀಕರಣ ಇಂಥ ಇಕ್ಕಟ್ಟುಗಳನ್ನು ಕಡಿಮೆ ಮಾಡುತ್ತದೆ ಎಂದು 1990ರ ದಶಕದಲ್ಲಿ ಬಹಳ ಜನ ನಂಬಿದ್ದರು. ಎಲ್ಲಿ ಅಗ್ಗವೋ ಅಲ್ಲೇ ಎಲ್ಲವನ್ನೂ ಮಾಡಿಸಿಕೊಂಡ ಜಗತ್ತು ಅವನ್ನು ಹೆಚ್ಚಿಸಿತು.

ಒಂದು ಹಾಳೆ, ಆರು ಖಾಲಿ ಜಾಗ

ಬೇಕಾದ ಸಾಮಾನು ಕಡಿಮೆ: ಒಂದು ಹಾಳೆ, ಒಂದು ಭೂಪಟ, ನಿರ್ಧಾರದ ಮೂಲ ಪಠ್ಯ ಮತ್ತು ಒಂದೂವರೆ ಗಂಟೆ. ಮೂಲ ಪಠ್ಯವನ್ನು ಬಿಡಬೇಡಿ. ವಿಶ್ವಸಂಸ್ಥೆಯ ನಿರ್ಣಯಗಳು, ಐರೋಪ್ಯ ಒಕ್ಕೂಟದ ಅಧಿಕೃತ ಪತ್ರಿಕೆ, ಅಮೆರಿಕದ ಸರ್ಕಾರಿ ಗೆಜೆಟ್ ಆದ ಫೆಡರಲ್ ರಿಜಿಸ್ಟರ್ ಎಲ್ಲವೂ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪತ್ರಿಕಾ ವರದಿ ಶೀರ್ಷಿಕೆ ಕೊಡುತ್ತದೆ, ವಿನಾಯಿತಿಗಳು ಅನುಬಂಧದಲ್ಲಿ ಕೂತಿರುತ್ತವೆ. ಎಷ್ಟೋ ಬಾರಿ ನಿಜವಾದ ಸುದ್ದಿ ಆ ವಿನಾಯಿತಿಯೇ.

ಹಾಳೆಯ ಮೇಲ್ಭಾಗದಲ್ಲಿ ಈ ವಾಕ್ಯ ಬರೆದುಕೊಳ್ಳಿ:

ಯಾರು, ಯಾರಿಂದ, ಏನನ್ನು ಮಾಡಿಸಲು, ಯಾವ ಹಿಡಿತ ಬಳಸುತ್ತಿದ್ದಾರೆ. ತಪ್ಪಿಸಿಕೊಳ್ಳಲು ಎಷ್ಟು ಕಾಲ ಬೇಕು. ಅಲ್ಲಿಯವರೆಗೆ ಖರ್ಚು ಯಾರದು.

"ಯಾರು" ಎಂಬಲ್ಲಿ ದೇಶದ ಹೆಸರು ಬರೆದು ನಿಲ್ಲಿಸಬೇಡಿ. "ಅಮೆರಿಕ" ಎಂದರೆ ಖಜಾನೆ ಇಲಾಖೆಯೋ, ವಾಣಿಜ್ಯ ಇಲಾಖೆಯೋ, ಕಾಂಗ್ರೆಸ್ಸೋ (ಅಲ್ಲಿನ ಸಂಸತ್ತು) ಎಂದು ಬಿಡಿಸಿ. ಇದರ ಮೇಲೆ ನಿರ್ಧಾರದ ಆಯುಸ್ಸು ನಿಂತಿದೆ. ಇರಾನ್ ಜೊತೆ 2015ರಲ್ಲಿ ಆದ ಅಣು ಒಪ್ಪಂದ ಅಮೆರಿಕದ ಸೆನೆಟ್ ಅನುಮೋದಿಸಿದ ಒಡಂಬಡಿಕೆ ಆಗಿರಲಿಲ್ಲ. ಹಾಗಾಗಿ 2018ರ ಮೇ 8ರಂದು ಹೊರಬರಲು ಮುಂದಿನ ಅಧ್ಯಕ್ಷರ ನಿರ್ಧಾರವೊಂದೇ ಸಾಕಾಯಿತು. ಶಾಸನವಾಗಿದ್ದರೆ ರದ್ದುಮಾಡಲು ಮತ ಬೇಕಿತ್ತು. ಅಧ್ಯಕ್ಷರ ಆದೇಶವೋ, ಇಲಾಖೆಯ ನಿಯಮವೋ, ಶಾಸನವೋ ಎಂದು ಪಕ್ಕದಲ್ಲಿ ಗುರುತು ಹಾಕಿ.

"ಏನನ್ನು" ಎಂಬುದು ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವ ಜಾಗ. ಒತ್ತಡ ಹಾಕುವುದರಲ್ಲಿ ಮೂರು ಬಗೆ ಇವೆ. ಎದುರಿನವರು ಏನನ್ನೋ ಮಾಡುವಂತೆ ಮಾಡುವುದು, ಮಾಡದಂತೆ ತಡೆಯುವುದು, ಮನಸ್ಸಿದ್ದರೂ ಮಾಡಲಾಗದಂತೆ ಕೈ ಕುಗ್ಗಿಸುವುದು. 2022ರ ಅಕ್ಟೋಬರ್ 7ರಂದು ಅಮೆರಿಕದ ವಾಣಿಜ್ಯ ಇಲಾಖೆ ಮುಂದುವರಿದ ಚಿಪ್‌ಗಳ ಮೇಲೆ ಹಾಕಿದ ರಫ್ತು ನಿಯಂತ್ರಣ ಮೂರನೇ ಬಗೆಯದು. ಅದರ ಬಗ್ಗೆ "ಚೀನಾ ಮಣಿಯಿತೇ?" ಎಂದು ಕೇಳುವುದು ತಪ್ಪು ಪ್ರಶ್ನೆ. "ಎಷ್ಟು ವರ್ಷ ಹಿಂದೆ ಉಳಿಯಿತು?" ಎಂಬುದು ಸರಿಯಾದದ್ದು. ನಿರ್ಬಂಧಗಳು ಸೋತವು, ಗೆದ್ದವು ಎಂಬ ವಾದಗಳಲ್ಲಿ ಬಹುಪಾಲು ಈ ಮೂರನ್ನು ಬೆರೆಸಿದ್ದರಿಂದ ಹುಟ್ಟಿದ ಗೊಂದಲ.

ಇಕ್ಕಟ್ಟನ್ನು ಹುಡುಕುವುದು

ನಾಲ್ಕನೇ ಜಾಗಕ್ಕೆ, ಅಂದರೆ ಹಿಡಿತಕ್ಕೆ, ಅರ್ಧ ಸಮಯ ಮೀಸಲಿಡಿ.

ಸುಲಭದ್ದು ಸಮುದ್ರ, ಭೂಪಟ ನೋಡಿದರೆ ಕಾಣುತ್ತದೆ. ಹೊರ್ಮುಜ್ ಜಲಸಂಧಿಯ ಮೂಲಕ ಮಾಮೂಲು ದಿನಗಳಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಸಾಗುತ್ತಿತ್ತು, ಅದು ಜಗತ್ತಿನ ಬಳಕೆಯ ಐದನೇ ಒಂದು ಭಾಗ. ಸುಯೆಜ್ ಕಾಲುವೆ ಎಷ್ಟು ಇಕ್ಕಟ್ಟು ಎಂಬುದು 2021ರ ಮಾರ್ಚ್ 23ರಂದು ಜಗತ್ತಿಗೇ ಗೊತ್ತಾಯಿತು. 400 ಮೀಟರ್ ಉದ್ದದ "ಎವರ್ ಗಿವನ್" ಎಂಬ ಕಂಟೇನರ್ ಹಡಗು ಅಡ್ಡಲಾಗಿ ಸಿಕ್ಕಿಹಾಕಿಕೊಂಡು ಆರು ದಿನ ಸಂಚಾರ ನಿಂತಿತು. ಇಲ್ಲಿ ಗಮನಿಸಬೇಕಾದದ್ದು ಎಂದರೆ ದಾರಿ ಮುಚ್ಚಲು ಬೇಕಾದ ಬಲ ಬೇರೆ, ತೆರೆದಿಡಲು ಬೇಕಾದ ಬಲ ಬೇರೆ. ಮುಚ್ಚುವುದಕ್ಕೆ ಕೆಲವು ಅಗ್ಗದ ಡ್ರೋನ್ ಮತ್ತು ಕ್ಷಿಪಣಿ ಸಾಕು. ಹಡಗುಗಳನ್ನು ಮುಳುಗಿಸುವುದೂ ಬೇಕಿಲ್ಲ, ವಿಮೆಯ ಕಂತು ಏರಿದರೆ ಹಡಗಿನ ಮಾಲೀಕರೇ ದಾರಿ ಬದಲಿಸುತ್ತಾರೆ. ಕೇಪ್ ಆಫ್ ಗುಡ್ ಹೋಪ್ ಸುತ್ತಿ ಹೋದರೆ ಏಷ್ಯಾ–ಯುರೋಪ್ ಪಯಣಕ್ಕೆ 10ರಿಂದ 14 ದಿನ ಹೆಚ್ಚು ಹಿಡಿಯುತ್ತದೆ.

ಕಣ್ಣಿಗೆ ಕಾಣದ ಇಕ್ಕಟ್ಟುಗಳಲ್ಲಿ ಹಣದ್ದು ಮುಖ್ಯ. ಇದನ್ನು ಹತ್ತಿರದಿಂದ ನೋಡೋಣ, ಏಕೆಂದರೆ "ಸ್ವಿಫ್ಟ್‌ನಿಂದ ಹೊರಹಾಕಿದರು" ಎಂಬ ಸುದ್ದಿಯನ್ನು ತಪ್ಪಾಗಿ ಓದುವವರೇ ಹೆಚ್ಚು.

ಒಂದು ದೇಶದ ಬ್ಯಾಂಕು ಇನ್ನೊಂದು ದೇಶದ ಬ್ಯಾಂಕಿಗೆ ಡಾಲರ್‌ನಲ್ಲಿ ಹಣ ಕೊಡಬೇಕು ಎಂದಿಟ್ಟುಕೊಳ್ಳಿ. ಎರಡೂ ಅಮೆರಿಕದವಲ್ಲ. ಆದರೂ ಸಾಮಾನ್ಯವಾಗಿ ಆ ಡಾಲರ್ ನ್ಯೂಯಾರ್ಕ್‌ನ ಯಾವುದೋ ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ವರ್ಗ ಮಾಡಿ ಎಂಬ ಸಂದೇಶ ಹೊತ್ತೊಯ್ಯುವುದಷ್ಟೇ ಸ್ವಿಫ್ಟ್‌ನ ಕೆಲಸ. ಅದು ಹಣ ಸಾಗಿಸುವುದಿಲ್ಲ. ಅದರ ಕಚೇರಿ ಇರುವುದು ಬೆಲ್ಜಿಯಂನಲ್ಲಿ, ಅದು ಪಾಲಿಸುವುದು ಐರೋಪ್ಯ ಒಕ್ಕೂಟದ ಕಾನೂನನ್ನು. ಅಂದರೆ ಇಲ್ಲಿ ಬೀಗ ಎರಡು, ಕೀಲಿಯೂ ಎರಡು: ಸಂದೇಶದ ಕೀಲಿ ಯುರೋಪಿನಲ್ಲಿದೆ, ಲೆಕ್ಕಪುಸ್ತಕದ ಕೀಲಿ ಅಮೆರಿಕದಲ್ಲಿದೆ. ಎರಡನೆಯದು ಹೆಚ್ಚು ಗಟ್ಟಿ. ಸಂದೇಶವನ್ನು ಬೇರೆ ದಾರಿಯಲ್ಲಿ ಕಳಿಸಬಹುದು, ಡಾಲರ್ ಖಾತೆಯನ್ನು ಬೇರೆ ಕಡೆ ಒಯ್ಯುವುದು ಕಷ್ಟ.

ಈ ಗಟ್ಟಿತನದ ಪರೀಕ್ಷೆ ಇರಾನ್ ಪ್ರಕರಣದಲ್ಲೇ ಆಯಿತು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂದಾಗ ಯುರೋಪಿನ ಸರ್ಕಾರಗಳು ಉಳಿಯಲು ಬಯಸಿದವು. ಅಮೆರಿಕದ ನಿರ್ಬಂಧ ಪಾಲಿಸಕೂಡದು ಎಂದು ತಮ್ಮ ಕಂಪನಿಗಳಿಗೆ ಹೇಳುವ ತಡೆ ಕಾನೂನನ್ನೂ ಚುರುಕುಗೊಳಿಸಿದವು. ಕಂಪನಿಗಳು ಸರ್ಕಾರದ ಮಾತು ಕೇಳಲಿಲ್ಲ. ಅಮೆರಿಕದ ಮಾರುಕಟ್ಟೆ ಮತ್ತು ಡಾಲರ್ ಸಾಲ ಕೈತಪ್ಪುವ ಭಯಕ್ಕೆ ಇರಾನ್ ಬಿಟ್ಟು ಹೊರಟವು. 2019ರ ಜನವರಿಯಲ್ಲಿ ಜರ್ಮನಿ, ಫ್ರಾನ್ಸ್, ಬ್ರಿಟನ್ ಸೇರಿ ಡಾಲರ್ ಮುಟ್ಟದ "ಇನ್‌ಸ್ಟೆಕ್ಸ್" ಎಂಬ ಪಾವತಿ ಏರ್ಪಾಡು ಕಟ್ಟಿದವು. ಅದರಲ್ಲಿ ಮೊದಲ ವ್ಯವಹಾರ ನಡೆದದ್ದು 2020ರ ಮಾರ್ಚ್‌ನಲ್ಲಿ, ಅದೂ ವೈದ್ಯಕೀಯ ಸಾಮಗ್ರಿಗೆ. 2023ರಲ್ಲಿ ಅದನ್ನು ಮುಚ್ಚಲಾಯಿತು. ಮೂರು ದೊಡ್ಡ ಸರ್ಕಾರಗಳ ಇಚ್ಛೆಗಿಂತ ಒಂದು ಲೆಕ್ಕಪುಸ್ತಕದ ಕೀಲಿ ಬಲವಾಗಿತ್ತು. ನಿರ್ಬಂಧದ ಸುದ್ದಿ ಓದುವಾಗಲೆಲ್ಲ "ಇದು ನೇರ ನಿರ್ಬಂಧವೋ, ಮೂರನೆಯವರನ್ನೂ ಹಿಡಿಯುವ ದ್ವಿತೀಯ ನಿರ್ಬಂಧವೋ" ಎಂದು ನೋಡಿಕೊಳ್ಳಿ. ನೇರದ್ದು ತನ್ನ ಪ್ರಜೆಗಳಿಗೆ ಹಾಕುವ ಕಟ್ಟಳೆ. ದ್ವಿತೀಯದ್ದು "ಅವರ ಜೊತೆ ವ್ಯವಹರಿಸಿದರೆ ನಮ್ಮ ಜೊತೆ ಇಲ್ಲ" ಎಂದು ಇಡೀ ಜಗತ್ತಿಗೆ ಹೇಳುವ ಮಾತು.

ತಂತ್ರಜ್ಞಾನದ ಇಕ್ಕಟ್ಟು ಬೇರೆ ತರಹದ್ದು. ಅತಿ ಸೂಕ್ಷ್ಮ ಚಿಪ್‌ಗಳನ್ನು ಅಚ್ಚೊತ್ತುವ ಇಯುವಿ ಯಂತ್ರವನ್ನು ವಾಣಿಜ್ಯ ಮಟ್ಟದಲ್ಲಿ ಜಗತ್ತಿಗೆ ಪೂರೈಸಿರುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಆದರೆ ಅದರ ಕನ್ನಡಿಗಳು ಜರ್ಮನಿಯ ಜೈಸ್‌ನಿಂದ ಬರುತ್ತವೆ, ಬೆಳಕಿನ ಮೂಲದ ತಂತ್ರ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಬೆಳೆದದ್ದು. ಆದ್ದರಿಂದಲೇ ಡಚ್ ಯಂತ್ರದ ಬಗ್ಗೆ ವಾಷಿಂಗ್ಟನ್ನಿನ ಮಾತಿಗೆ ತೂಕ ಇದೆ. ಇಂಥ ಸುದ್ದಿಯಲ್ಲಿ ಯಂತ್ರ ಮಾರುವವರಲ್ಲೇ ನಿಲ್ಲದೆ ಒಂದು ಹಂತ ಹಿಂದೆ ಹೋಗಿ, ಆ ಯಂತ್ರದ ಭಾಗ ಮಾಡುವವರು ಯಾರು ನೋಡಿ. ಅಲ್ಲಿಯೂ ಒಬ್ಬರೇ ಇದ್ದರೆ ಮತ್ತೊಂದು ಹಂತ. ಸಾಮಾನ್ಯವಾಗಿ ಎರಡು ಹಂತ ಸಾಕು.

ಖನಿಜಗಳಲ್ಲಿ ಜನ ಗಣಿಯನ್ನು ನೋಡುತ್ತಾರೆ, ನೋಡಬೇಕಾದದ್ದು ಶುದ್ಧೀಕರಣವನ್ನು. ಚಿಪ್‌ಗಳಿಗೆ ಬೇಕಾಗುವ ಲೋಹವಾದ ಗ್ಯಾಲಿಯಂ ಅಲ್ಯೂಮಿನಿಯಂ ತಯಾರಿಕೆಯ ಉಪ ಉತ್ಪನ್ನ, ಅದಕ್ಕೆಂದೇ ಪ್ರತ್ಯೇಕ ಗಣಿ ತೋಡುವುದು ವಿರಳ. ಅಲ್ಯೂಮಿನಿಯಂನ ಅದಿರಾದ ಬಾಕ್ಸೈಟ್ ಹಲವು ದೇಶಗಳಲ್ಲಿದೆ. ಆದರೂ ಕಚ್ಚಾ ಗ್ಯಾಲಿಯಂನ 95%ಕ್ಕೂ ಹೆಚ್ಚು ಪಾಲು ಚೀನಾದ್ದು. 2023ರ ಆಗಸ್ಟ್ 1ರಿಂದ ಚೀನಾ ಗ್ಯಾಲಿಯಂ ಮತ್ತು ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಇದು ನಿಷೇಧವಾಗಿರಲಿಲ್ಲ. ಪರವಾನಗಿಯ ಸೊಗಸೇ ಅದು: ಕೊಡುವುದನ್ನು ತಡಮಾಡಬಹುದು, ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡಬಹುದು, ಯಾರು ಎಷ್ಟು ಏಕೆ ಕೊಳ್ಳುತ್ತಾರೆಂಬ ವಿವರ ಅರ್ಜಿಯಲ್ಲೇ ತಿಳಿದುಕೊಳ್ಳಬಹುದು.

ಸಂಸ್ಕೃತಿ, ಭಾಷೆ, ವಿಶ್ವವಿದ್ಯಾಲಯಗಳ ಆಕರ್ಷಣೆಯೂ ಬಲವೇ. ಆದರೆ ಅದನ್ನು ಒಂದು ಸುದ್ದಿಯ ಹಾಳೆಯಲ್ಲಿ ಅಳೆಯಲು ಹೋಗಬೇಡಿ. ಅದು ದಶಕಗಳಲ್ಲಿ ಕೆಲಸ ಮಾಡುತ್ತದೆ.

ಕಾಲದ ಲೆಕ್ಕ

ಅವಲಂಬನೆ ಎಷ್ಟು ಶೇಕಡಾ ಎಂಬ ಒಂದೇ ಅಂಕಿ ದಾರಿ ತಪ್ಪಿಸುತ್ತದೆ. ಎರಡು ಅಂಕಿ ಬೇಕು. ಪೂರೈಕೆ ನಿಂತ ಮೊದಲ ವಾರ ಎಷ್ಟು ನೋವು? ನೋವು ನಿಲ್ಲಲು ಎಷ್ಟು ಕಾಲ?

ಜರ್ಮನಿ 2021ರಲ್ಲಿ ತನ್ನ ಅನಿಲದ ಅರ್ಧಕ್ಕೂ ಹೆಚ್ಚನ್ನು ರಷ್ಯಾದಿಂದ ತರಿಸುತ್ತಿತ್ತು. ಪೂರೈಕೆ ನಿಂತರೆ ಉದ್ಯಮವೇ ಮಲಗುತ್ತದೆ ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ. 2022ರ ಆಗಸ್ಟ್‌ನಲ್ಲಿ ಯುರೋಪಿನಲ್ಲಿ ಅನಿಲದ ಸಗಟು ದರ ಮೆಗಾವ್ಯಾಟ್ ಗಂಟೆಗೆ 300 ಯೂರೊ ದಾಟಿತು. ನೋವು ನಿಜ, ಅದನ್ನು ಹಗುರ ಮಾಡುವಂತಿಲ್ಲ. ಆದರೆ ವಿಲ್ಹೆಲ್ಮ್ಸ್‌ಹಾವೆನ್ ಬಂದರಿನಲ್ಲಿ ದ್ರವೀಕೃತ ಅನಿಲ ಇಳಿಸುವ ತೇಲುವ ಟರ್ಮಿನಲ್ ಅದೇ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯಿತು, ಕಟ್ಟಿದ್ದು ಕೆಲವೇ ತಿಂಗಳಲ್ಲಿ. ನೋವು ದೊಡ್ಡದು, ತಪ್ಪಿಸಿಕೊಳ್ಳುವ ಕಾಲ ಚಿಕ್ಕದು.

ಇದಕ್ಕೆ ತದ್ವಿರುದ್ಧ ಉದಾಹರಣೆ ವಿರಳ ಭೂ ಲೋಹಗಳು, ಅಂದರೆ ಮೋಟರಿನ ಬಲವಾದ ಅಯಸ್ಕಾಂತ ಮುಂತಾದವಕ್ಕೆ ಬೇಕಾಗುವ ಲೋಹಗಳು. 2010ರಲ್ಲಿ ಮೀನುಗಾರಿಕೆ ದೋಣಿಯೊಂದರ ಜಗಳದ ಬೆನ್ನಿಗೆ ಚೀನಾದಿಂದ ಜಪಾನಿಗೆ ಅವುಗಳ ರವಾನೆ ನಿಂತಿತು. ಜಪಾನ್ ಎಚ್ಚೆತ್ತು ಆಸ್ಟ್ರೇಲಿಯಾದ ಗಣಿ ಕಂಪನಿಗೆ ಸಾಲ ಕೊಟ್ಟಿತು, ದಾಸ್ತಾನು ಮಾಡಿತು, ಬಳಕೆ ಇಳಿಸಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದರೂ ಅದರ ಅವಲಂಬನೆ ಇಳಿಯಿತೇ ಹೊರತು ನೀಗಲಿಲ್ಲ. ಲೋಹಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಸ್ಥಾವರ, ಅದರ ತ್ಯಾಜ್ಯ ನಿರ್ವಹಣೆ, ನುರಿತ ಕೆಲಸಗಾರರು ಇವೆಲ್ಲ ಒಂದೆರಡು ವರ್ಷಕ್ಕೆ ಸಿದ್ಧವಾಗುವಂಥವಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂ ಧಾತುಗಳ ರಫ್ತಿಗೆ ಪರವಾನಗಿ ಹಾಕಿದಾಗ ಹಲವು ದೇಶಗಳ ಕಾರು ಕಾರ್ಖಾನೆಗಳಿಗೆ ವಾರಗಳಲ್ಲೇ ಬಿಸಿ ತಟ್ಟಿದ್ದು ಇದೇ ಕಾರಣಕ್ಕೆ.

ಹಿಡಿತವನ್ನು ಬಳಸಿದಷ್ಟೂ ಅದು ಸವೆಯುತ್ತದೆ ಎಂಬುದು ನಮ್ಮ ಅಭಿಪ್ರಾಯದಲ್ಲಿ ಈ ಇಡೀ ವಿಷಯದ ತಿರುಳು. ಒಮ್ಮೆ ಕೊರಳು ಹಿಸುಕಿಸಿಕೊಂಡವರು ಮರುದಿನವೇ ಬೇರೆ ದಾರಿ ಹುಡುಕುತ್ತಾರೆ. 2022ರಲ್ಲಿ ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರ್ ಮೌಲ್ಯದ ಸಂಗ್ರಹ ಸ್ತಂಭನವಾದ ಮೇಲೆ ಹಲವು ದೇಶಗಳ ಕೇಂದ್ರ ಬ್ಯಾಂಕುಗಳು ಚಿನ್ನ ಕೊಳ್ಳುವುದನ್ನು ಹೆಚ್ಚಿಸಿದವು. ಆದರೆ ಅವಸರದ ತೀರ್ಮಾನ ಬೇಡ. ಜಗತ್ತಿನ ವಿದೇಶಿ ವಿನಿಮಯ ಸಂಗ್ರಹದಲ್ಲಿ ಡಾಲರ್‌ನ ಪಾಲು 2000ದ ಆಸುಪಾಸಿನಲ್ಲಿ 70%ರಷ್ಟಿತ್ತು, ಈಗ 60%ಕ್ಕಿಂತ ಕೆಳಗಿದೆ. ಕಾಲು ಶತಮಾನದಲ್ಲಿ ಆದ ಇಳಿತ ಇಷ್ಟೇ. ಹಾಳೆಯ ಐದನೇ ಜಾಗದಲ್ಲಿ "ವಾರ, ತಿಂಗಳು, ವರ್ಷ, ದಶಕ" ಎಂಬ ನಾಲ್ಕರಲ್ಲಿ ಒಂದನ್ನು ಬರೆದರೆ ಸಾಕು. ಅದಕ್ಕಿಂತ ನಿಖರತೆ ಸಾಮಾನ್ಯವಾಗಿ ಸುಳ್ಳು ನಿಖರತೆ.

ಮತ ಎಣಿಸುವಾಗ

ಸಂಸ್ಥೆಗಳ ಸುದ್ದಿಯಲ್ಲಿ ಎಷ್ಟು ಮತ ಬಿತ್ತು ಎಂಬುದಕ್ಕಿಂತ ಎಷ್ಟು ಬೇಕಿತ್ತು ಎಂಬುದು ಮೊದಲು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 15 ಸದಸ್ಯರು. ನಿರ್ಣಯಕ್ಕೆ 9 ಪರ ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಯಾರೂ ವಿರೋಧಿಸಕೂಡದು, ವಿರೋಧಿಸಿದರೆ ಅದೇ ವೀಟೊ. ತಟಸ್ಥ ಉಳಿದರೆ ಅದು ವೀಟೊ ಅಲ್ಲ. ಕಾರ್ಯವಿಧಾನದ ವಿಷಯಗಳಿಗೆ ವೀಟೊ ನಡೆಯುವುದಿಲ್ಲ, ಈ ಸಣ್ಣ ಕಿಂಡಿ 2022ರಲ್ಲಿ ಕೆಲಸಕ್ಕೆ ಬಂತು. ಫೆಬ್ರವರಿ 25ರಂದು ಉಕ್ರೇನ್ ಕುರಿತ ಕರಡು 11 ಪರ, 1 ವಿರುದ್ಧ, 3 ತಟಸ್ಥ ಮತಗಳಿಂದ ಬಿದ್ದುಹೋಯಿತು. ಆ ಒಂದು ಮತ ರಷ್ಯಾದ್ದು. ಎರಡು ದಿನಗಳ ನಂತರ ವಿಷಯವನ್ನು ಸಾಮಾನ್ಯ ಸಭೆಯ ತುರ್ತು ಅಧಿವೇಶನಕ್ಕೆ ಒಯ್ಯುವ ಪ್ರಸ್ತಾಪಕ್ಕೂ ಅದೇ 11–1–3 ಬಂತು, ಕಾರ್ಯವಿಧಾನದ ವಿಷಯವಾದ್ದರಿಂದ ಅದು ಗೆದ್ದಿತು. ಮಾರ್ಚ್ 2ರಂದು ಸಾಮಾನ್ಯ ಸಭೆಯಲ್ಲಿ 141 ಪರ, 5 ವಿರುದ್ಧ, 35 ತಟಸ್ಥ. 193ರಲ್ಲಿ ಉಳಿದ 12 ದೇಶಗಳು ಮತವನ್ನೇ ಹಾಕಲಿಲ್ಲ. ತಟಸ್ಥರನ್ನೂ ಗೈರಾದವರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ತಟಸ್ಥವಾಗಿರುವುದು ದಾಖಲಾಗುವ ನಿಲುವು, ಗೈರು ಪ್ರಶ್ನೆಯಿಂದ ನುಣುಚಿಕೊಳ್ಳುವುದೂ ಇರಬಹುದು, ಬಾಕಿ ವಂತಿಗೆಯಿಂದ ಮತದ ಹಕ್ಕು ಕಳೆದುಕೊಂಡಿದ್ದೂ ಇರಬಹುದು.

ಐಎಂಎಫ್‌ನಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ದೊಡ್ಡ ನಿರ್ಧಾರಗಳಿಗೆ 85% ಮತಬಲ ಬೇಕು. ಅಮೆರಿಕದ ಪಾಲು ಸುಮಾರು 16.5%. ವೀಟೊ ಎಂಬ ಪದ ನಿಯಮದಲ್ಲಿ ಎಲ್ಲೂ ಇಲ್ಲ, ಕೂಡಿಸಿ ಕಳೆದರೆ ಸಿಗುತ್ತದೆ. 2021ರ ಆಗಸ್ಟ್‌ನಲ್ಲಿ ಐಎಂಎಫ್ ಎಲ್ಲ ಸದಸ್ಯರಿಗೆ ಹಂಚಿದ ವಿಶೇಷ ಹಣ ಪಡೆಯುವ ಹಕ್ಕಿನ (ಎಸ್‌ಡಿಆರ್, ಬೇಕಾದಾಗ ಡಾಲರ್‌ನಂಥ ಹಣಕ್ಕೆ ಬದಲಿಸಿಕೊಳ್ಳಬಹುದಾದ ಮೀಸಲು) ಮೊತ್ತ 650 ಶತಕೋಟಿ ಡಾಲರ್. ಏಕೆ 650? ಅದಕ್ಕಿಂತ ತುಸು ಮೇಲೆ ಹೋಗಿದ್ದರೆ ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿನ ಕಾಂಗ್ರೆಸ್ಸಿನ ಒಪ್ಪಿಗೆ ಬೇಕಾಗುತ್ತಿತ್ತು. ವಿಚಿತ್ರವಾಗಿ ಕಾಣುವ ಅಂಕಿಯ ಹಿಂದೆ ಬಹಳ ಸಲ ಒಂದು ಮಿತಿ ಅಡಗಿರುತ್ತದೆ, ಹುಡುಕಿ.

ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ ನಿಂತುಹೋದದ್ದು ಯಾವ ಮತದಿಂದಲೂ ಅಲ್ಲ. ಏಳು ಸದಸ್ಯರ ಪೀಠ, ಒಂದು ಪ್ರಕರಣ ಕೇಳಲು ಮೂವರು ಬೇಕು. ನೇಮಕಕ್ಕೆ ಸರ್ವಸಮ್ಮತಿ ಬೇಕಾದ್ದರಿಂದ ಅಮೆರಿಕ ಹೊಸ ನೇಮಕ ಒಪ್ಪದೆ ಕೂತಿತು. ಅವಧಿ ಮುಗಿದವರು ಒಬ್ಬೊಬ್ಬರಾಗಿ ಹೋದರು. 2019ರ ಡಿಸೆಂಬರ್ 11ಕ್ಕೆ ಒಬ್ಬರೇ ಉಳಿದರು. ಅಂದಿನಿಂದ ಸೋತವರು ಮೇಲ್ಮನವಿ ಹಾಕಿದರೆ ತೀರ್ಪು ಅಲ್ಲೇ ತೂಗಾಡುತ್ತದೆ. ಕೆಲಸ ನಿಲ್ಲಿಸಿ ತೋರಿಸುವ ಬಲ ಸುದ್ದಿಯಾಗುವುದು ಕಡಿಮೆ, ಪರಿಣಾಮ ಮಾತ್ರ ವರ್ಷಗಟ್ಟಲೆ ಇರುತ್ತದೆ.

ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ

ಮೂಲ ಪಠ್ಯದಲ್ಲಿ ವಿಶೇಷಣಗಳನ್ನು ದಾಟಿ ಕ್ರಿಯಾಪದಕ್ಕೆ ಹೋಗಿ. ಭದ್ರತಾ ಮಂಡಳಿಯ ನಿರ್ಣಯದಲ್ಲಿ "ಡಿಸೈಡ್ಸ್" (ನಿರ್ಧರಿಸುತ್ತದೆ) ಎಂದಿದ್ದರೆ ಸದಸ್ಯ ದೇಶಗಳನ್ನು ಕಟ್ಟಿಹಾಕುವ ಮಾತು. "ಅರ್ಜಸ್" (ಒತ್ತಾಯಿಸುತ್ತದೆ), "ಎನ್‌ಕರೇಜಸ್" (ಉತ್ತೇಜಿಸುತ್ತದೆ) ಎಂದಿದ್ದರೆ ಬುದ್ಧಿವಾದ. "ಡಿಮಾಂಡ್ಸ್" (ಆಗ್ರಹಿಸುತ್ತದೆ), "ಕಾಲ್ಸ್ ಅಪಾನ್" (ಕರೆ ನೀಡುತ್ತದೆ) ಇವುಗಳ ಸುತ್ತ ಜಗಳ ಇದೆ, ಸಂದರ್ಭ ನೋಡಬೇಕು. ಸೇನೆ ಬಳಸಲು ಅನುಮತಿ ಕೊಡುವ ಸಂಕೇತ "ಎಲ್ಲ ಅಗತ್ಯ ವಿಧಾನ" ಎಂಬ ಪದಪುಂಜ. 1990ರ ನವೆಂಬರ್ 29ರಂದು ಕುವೈತ್ ಬಿಡಿಸಲು ಅಂಗೀಕರಿಸಿದ 678ನೇ ನಿರ್ಣಯದಲ್ಲಿ ಅದಿತ್ತು. 2002ರ ನವೆಂಬರ್ 8ರ 1441ನೇ ನಿರ್ಣಯದಲ್ಲಿ ಇರಲಿಲ್ಲ, ಬದಲಿಗೆ "ಗಂಭೀರ ಪರಿಣಾಮ" ಎಂದಿತ್ತು. 15ಕ್ಕೆ 15 ಮತ ಬಿದ್ದದ್ದು ಆ ಅಸ್ಪಷ್ಟತೆಯ ಕಾರಣಕ್ಕೇ. ಮರುವರ್ಷ ಇರಾಕ್ ಯುದ್ಧದ ಕಾನೂನು ಜಗಳ ನಿಂತದ್ದೂ ಅದರ ಮೇಲೆಯೇ.

ಒಂದು ಪದದ ತೂಕ ಎಷ್ಟು ಎಂಬುದಕ್ಕೆ ಪ್ಯಾರಿಸ್ ಹವಾಮಾನ ಒಪ್ಪಂದದ ಕೊನೆಯ ಗಂಟೆಗಳನ್ನು ನೋಡಿ. 2015ರ ಡಿಸೆಂಬರ್ 12. ಅಂತಿಮ ಪಠ್ಯ ಹಂಚಲಾಗಿತ್ತು. 4ನೇ ವಿಧಿಯ 4ನೇ ಪರಿಚ್ಛೇದದಲ್ಲಿ, ಮುಂದುವರಿದ ದೇಶಗಳು ಇಡೀ ಆರ್ಥಿಕತೆಗೆ ಅನ್ವಯಿಸುವ ಕಡಿತದ ಗುರಿ ಹಾಕಿಕೊಂಡು ಮುಂದೆ ನಡೆಯಬೇಕು ಎಂಬಲ್ಲಿ "ಶಲ್" ಎಂಬ ಪದ ಕುಳಿತಿತ್ತು. ಅಮೆರಿಕದ ವಕೀಲರ ಕಣ್ಣಿಗೆ ಅದು ಬಿತ್ತು. "ಶಲ್" ಎಂದರೆ ಕಾನೂನು ಬಾಧ್ಯತೆ, ಬಾಧ್ಯತೆ ಎಂದರೆ ಸೆನೆಟ್ ಮುಂದೆ ಹೋಗಬೇಕು, ಸೆನೆಟ್ ಒಪ್ಪುವ ಸಾಧ್ಯತೆ ಇರಲಿಲ್ಲ. ಸಭೆ ತಡವಾಯಿತು, ಸಮಾಲೋಚನೆ ನಡೆಯಿತು. ಕೊನೆಗೆ ಇತರ ಅಕ್ಷರ ದೋಷಗಳ ತಿದ್ದುಪಡಿಯ ಜೊತೆಯಲ್ಲೇ ಅದನ್ನು "ಶುಡ್" (ಮಾಡುವುದು ಒಳ್ಳೆಯದು ಎಂಬಷ್ಟೇ ಅರ್ಥ) ಎಂದು ಓದಿ ಹೇಳಲಾಯಿತು, ಸಭಾಧ್ಯಕ್ಷರ ಸುತ್ತಿಗೆ ಬಿದ್ದು ಒಪ್ಪಂದ ಅಂಗೀಕಾರವಾಯಿತು. ಬಡ ದೇಶಗಳು ಕೊನೆಯ ಗಳಿಗೆಯಲ್ಲಿ ಬಿಟ್ಟುಕೊಟ್ಟದ್ದು ಚಿಕ್ಕದಲ್ಲ. ಇಂಥ ಪಠ್ಯ ಓದುವಾಗ "ಶಲ್" ಎಲ್ಲೆಲ್ಲಿದೆ ಎಂದು ಎಣಿಸಿ. ಪ್ಯಾರಿಸ್‌ನಲ್ಲಿ ವರದಿ ಸಲ್ಲಿಸುವುದಕ್ಕೆ "ಶಲ್" ಇದೆ, ಗುರಿ ಮುಟ್ಟುವುದಕ್ಕೆ ಇಲ್ಲ.

ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನೇಟೊದ 5ನೇ ವಿಧಿಯೂ ಹೀಗೆಯೇ: ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುತ್ತದೆ, ಆದರೆ ಪ್ರತಿ ಸದಸ್ಯ "ತನಗೆ ಅಗತ್ಯವೆನಿಸಿದ ಕ್ರಮ" ಕೈಗೊಂಡರೆ ಸಾಕು.

ಅಂಕಿಗಳ ಬಲೆ

ಜಿಡಿಪಿಯನ್ನು ಮಾರುಕಟ್ಟೆ ವಿನಿಮಯ ದರದಲ್ಲಿ ನೋಡಿದರೆ ಚೀನಾ ಅಮೆರಿಕದ ಸುಮಾರು ಮೂರನೇ ಎರಡರಷ್ಟು. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಂದರೆ ಅದೇ ಹಣಕ್ಕೆ ಅಲ್ಲಿ ಎಷ್ಟು ಸಾಮಾನು ಸಿಗುತ್ತದೆ ಎಂದು ನೋಡಿದರೆ, ಅಮೆರಿಕಕ್ಕಿಂತ ದೊಡ್ಡದು. ಎರಡೂ ಸರಿ, ಬಳಕೆ ಬೇರೆ. ಹೊರಗಿನಿಂದ ಕೊಳ್ಳುವುದು, ಸಾಲ ಕೊಡುವುದು, ವಿದೇಶದಲ್ಲಿ ಕಟ್ಟುವುದು ಇವಕ್ಕೆ ಮಾರುಕಟ್ಟೆ ದರ. ಸೈನಿಕರ ಸಂಬಳ, ದೇಶದೊಳಗೆ ಮಾಡುವ ಆಯುಧ, ಜನರ ಜೀವನಮಟ್ಟ ಇವಕ್ಕೆ ಕೊಳ್ಳುವ ಶಕ್ತಿ.

ವ್ಯಾಪಾರದ ಅಂಕಿ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಎಣಿಸುತ್ತದೆ, ಒಳಗಿನ ಕೆಲಸವನ್ನಲ್ಲ. 2009ರ ಐಫೋನ್ ಒಂದರ ತಯಾರಿಕಾ ವೆಚ್ಚ ಸುಮಾರು 179 ಡಾಲರ್, ಚೀನಾದಲ್ಲಿ ಆದ ಜೋಡಣೆಯ ಪಾಲು ಅದರಲ್ಲಿ ಸುಮಾರು 6.5 ಡಾಲರ್. ಲೆಕ್ಕದಲ್ಲಿ ಇಡೀ ಮೊತ್ತ ಚೀನಾದ ರಫ್ತು. ಈಗ ಅದೇ ತಪ್ಪು ತಿರುಗಿ ಬಂದಿದೆ: ಅಮೆರಿಕದ ಆಮದಿನಲ್ಲಿ ಚೀನಾದ ಪಾಲು 2017ರಲ್ಲಿ 20%ಕ್ಕೂ ಹೆಚ್ಚಿದ್ದದ್ದು 2024ರ ಹೊತ್ತಿಗೆ 14%ಕ್ಕಿಂತ ಕೆಳಗಿಳಿಯಿತು, ಆದರೆ ವಿಯೆಟ್ನಾಂ, ಮೆಕ್ಸಿಕೊ ಚೀನಾದಿಂದ ಕೊಳ್ಳುವ ಬಿಡಿಭಾಗ ಹೆಚ್ಚಾಯಿತು. ಸರಪಳಿಗೆ ಒಂದು ಕೊಂಡಿ ಸೇರಿದೆ, ಸರಪಳಿ ಕಡಿದಿಲ್ಲ. "ಜಾಗತೀಕರಣ ಮುಗಿಯಿತು" ಎಂಬ ಶೀರ್ಷಿಕೆ ಕಂಡಾಗ ಈ ಮಧ್ಯದ ಕೊಂಡಿಯನ್ನು ಪರೀಕ್ಷಿಸಿ.

ಹಂಬನ್‌ತೋಟ: ಕಥೆ ಒಂದು, ಕರಾರು ಒಂದು

ಶ್ರೀಲಂಕಾ ಸಾಲ ತೀರಿಸಲಾಗದೆ 2017ರಲ್ಲಿ ತನ್ನ ಹಂಬನ್‌ತೋಟ ಬಂದರನ್ನು ಚೀನಾಕ್ಕೆ ಬರೆದುಕೊಟ್ಟಿತು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಕರಾರಿನಲ್ಲಿರುವುದು 99 ವರ್ಷದ ಗುತ್ತಿಗೆ, ಚೀನಾದ ಸರ್ಕಾರಿ ಕಂಪನಿಯಿಂದ 1.12 ಶತಕೋಟಿ ಡಾಲರ್. ಆ ಹಣದಿಂದ ಬಂದರಿನ ಸಾಲ ರದ್ದಾಗಲಿಲ್ಲ, ಕಂತು ಕಟ್ಟುವುದು ಮುಂದುವರಿಯಿತು. ಹಣ ಹೋದದ್ದು ಬರಿದಾಗುತ್ತಿದ್ದ ವಿದೇಶಿ ವಿನಿಮಯ ತುಂಬಲು. ಆಗ ಶ್ರೀಲಂಕಾದ ಹೊರಸಾಲದಲ್ಲಿ ದೊಡ್ಡ ಪಾಲು ಅಂತರರಾಷ್ಟ್ರೀಯ ಬಾಂಡ್ ಮಾರುಕಟ್ಟೆಯದು. ಇದರಿಂದ ಚೀನಾದ ಸಾಲ ನಿರಪಾಯ ಎಂದಾಗದು. ಆದರೆ ಜುಟ್ಟು ಹಿಡಿದ ಕೈ ಒಂದೇ ಇರಲಿಲ್ಲ. ಸಾಲದ ಸುದ್ದಿಯಲ್ಲಿ ಮೂರು ಸಾಲು ಬರೆಯಿರಿ: ಕೊಟ್ಟವರ ಪಟ್ಟಿ ಪಾಲಿನ ಸಮೇತ, ಯಾವ ದೇಶದ ಕಾನೂನಿನಡಿ ಕರಾರು, ಮೊದಲು ಯಾರಿಗೆ ತೀರಿಸಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಆಗುವುದು ಎಲ್ಲಿ, ಮಾತುಕತೆಗೆ ಜಾಗ ಇರುವುದು ಎಲ್ಲಿ ಎಂಬುದು ಎರಡನೇ ಸಾಲಿನಲ್ಲಿ ತಿಳಿಯುತ್ತದೆ.

ಪೂರ್ತಿ ಒಂದು ಹಾಳೆ: ರಷ್ಯಾ ತೈಲದ ಬೆಲೆ ಮಿತಿ

2022ರ ಡಿಸೆಂಬರ್ 5ರಂದು ಜಿ7 (ಏಳು ಶ್ರೀಮಂತ ದೇಶಗಳ ಕೂಟ), ಐರೋಪ್ಯ ಒಕ್ಕೂಟ ಮತ್ತು ಆಸ್ಟ್ರೇಲಿಯಾ ರಷ್ಯಾದ ಕಚ್ಚಾ ತೈಲಕ್ಕೆ ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿದವು. ತುಂಬೋಣ.

ಯಾರು: ಜಿ7ರ ಹಣಕಾಸು ಇಲಾಖೆಗಳು. ಜಾರಿ ಮಾಡಬೇಕಾದವರು ಮಾತ್ರ ವಿಮೆ ಮತ್ತು ಹಡಗು ಕಂಪನಿಗಳು.

ಯಾರಿಂದ: ಮೇಲುನೋಟಕ್ಕೆ ರಷ್ಯಾ, ಕೆಲಸದಲ್ಲಿ ಮೂರನೇ ದೇಶಗಳ ಖರೀದಿದಾರರು.

ಏನನ್ನು: ಇಲ್ಲಿ ಎಚ್ಚರ. ಮಾರಬೇಡಿ ಎಂದಲ್ಲ, ಮಾರಿ ಆದರೆ ಕಡಿಮೆಗೆ ಮಾರಿ ಎಂದು. ತೈಲ ಮಾರುಕಟ್ಟೆಯಿಂದ ಮಾಯವಾದರೆ ಜಗತ್ತಿನ ಬೆಲೆ ಏರಿ ಜಿ7ರ ಮತದಾರರಿಗೇ ಹೊಡೆತ.

ಹಿಡಿತ: ಹಡಗಿನ ಹೊಣೆ ವಿಮೆ, ಅಂದರೆ ಹಡಗಿನಿಂದ ಬೇರೆಯವರಿಗೆ ಆಗುವ ನಷ್ಟ ತುಂಬಿಕೊಡುವ ವಿಮೆ. ಜಗತ್ತಿನ ಸಾಗರ ಹಡಗುಗಳ ಒಟ್ಟು ಟನ್ನೇಜಿನ ಸುಮಾರು 90%ಕ್ಕೆ 12 ವಿಮಾ ಕ್ಲಬ್‌ಗಳ ಒಂದೇ ಕೂಟ ವಿಮೆ ಕೊಡುತ್ತದೆ, ಅದರ ಕೇಂದ್ರ ಲಂಡನ್. ಮಿತಿಗಿಂತ ಹೆಚ್ಚಿಗೆ ಕೊಂಡ ತೈಲಕ್ಕೆ ಆ ವಿಮೆ ಇಲ್ಲ.

ಕಾಲ: ತಿಂಗಳುಗಳು. ರಷ್ಯಾದ ತೈಲಕ್ಕೆಂದೇ ಹಳೆಯ ಟ್ಯಾಂಕರ್‌ಗಳನ್ನು ಕೊಂಡು, ಧ್ವಜ ಬದಲಿಸಿ, ಪಶ್ಚಿಮದ ವಿಮೆ ಇಲ್ಲದೆ ಓಡಿಸುವ ನೆರಳು ನೌಕಾಪಡೆ ಬೆಳೆಯಿತು. 2023ರ ಮಧ್ಯಭಾಗದ ನಂತರ ರಷ್ಯಾದ ಯೂರಲ್ಸ್ ತೈಲ ಬಹುಕಾಲ 60 ಡಾಲರ್ ಮೇಲೆಯೇ ಮಾರಾಟವಾಯಿತು.

ಖರ್ಚು: ರಿಯಾಯಿತಿಯ ರೂಪದಲ್ಲಿ ರಷ್ಯಾದ್ದು, ಅದರ ಲಾಭ ಕೊಂಡ ದೇಶಗಳ ಶುದ್ಧೀಕರಣ ಕಂಪನಿಗಳದ್ದು. ವಿಮೆಯಿಲ್ಲದ ಹಳೆಯ ಹಡಗು ಒಡೆದರೆ ಎಣ್ಣೆ ಬಳಿಯಬೇಕಾದವರು ಕರಾವಳಿ ದೇಶಗಳು, ಮಾತುಕತೆಯ ಮೇಜಿನಲ್ಲಿ ಅವುಗಳಲ್ಲಿ ಹೆಚ್ಚಿನವು ಇರಲೇ ಇಲ್ಲ. ಈ ಆರನೇ ಜಾಗವನ್ನು ಕೊನೆಯಲ್ಲಿ ತುಂಬಿ, ಆದರೆ ಎಂದೂ ಖಾಲಿ ಬಿಡಬೇಡಿ.

ಹಾಳೆಯ ಹಿಂಬದಿಯಲ್ಲಿ ಮೂರು ದಿನಾಂಕ ಹಾಕಿಡಿ: ಮೂರು ತಿಂಗಳ ನಂತರ, ಒಂದು ವರ್ಷದ ನಂತರ, ಮೂರು ವರ್ಷದ ನಂತರ. ಆ ದಿನ ಬಂದಾಗ ಐದನೇ ಜಾಗವನ್ನಷ್ಟೇ ಮತ್ತೆ ಓದಿ ತಿದ್ದಿ, ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಬರೆಯಿರಿ. ಬೆಲೆ ಮಿತಿಯ ಹಾಳೆಯಲ್ಲಿ ಈಗಾಗಲೇ ಕನಿಷ್ಠ ಎರಡು ತಿದ್ದುಪಡಿ ಬರಬೇಕು: 2025ರ ಜನವರಿ 10ರಂದು ಅಮೆರಿಕ 180ಕ್ಕೂ ಹೆಚ್ಚು ಹಡಗುಗಳನ್ನು ಹೆಸರು ಹಿಡಿದು ನಿರ್ಬಂಧಿಸಿದ್ದು, ಅದೇ ವರ್ಷದ ಸೆಪ್ಟೆಂಬರ್‌ನಿಂದ ಐರೋಪ್ಯ ಒಕ್ಕೂಟ ಮಿತಿಯನ್ನು 47.6 ಡಾಲರ್‌ಗೆ ಇಳಿಸಿದ್ದು. ಮೊದಲನೆಯದು ಹಿಡಿತವನ್ನು ವಿಮೆಯಿಂದ ಹಡಗಿಗೆ ಬದಲಿಸಿತು, ಹಾಗಾಗಿ ನಾಲ್ಕನೇ ಜಾಗವನ್ನೂ ಹೊಸದಾಗಿ ತುಂಬಬೇಕು. ಎರಡನೆಯದು ಅಂಕಿಯನ್ನಷ್ಟೇ ಬದಲಿಸಿತು.